ಬಾಗಿಲಲ್ಲಿ ತೋರಿಸಬೇಕಾದದ್ದು ಎಷ್ಟು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾಗಿಲ ಮುಂದೆಯೇ ನಿಂತಿವೆ. ಪಬ್ಬಿನ ಬಾಗಿಲು, ಮಾಲಿನ ಬಾಗಿಲು, ಬಾರಿನ ಬಾಗಿಲು. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನಗೆ 24 ವರ್ಷ. ಗೆಳತಿಯ ಹುಟ್ಟುಹಬ್ಬಕ್ಕೆಂದು ಕೋರಮಂಗಲದ ಪಬ್ಬೊಂದಕ್ಕೆ ಹೋಗಿದ್ದೆವು. ವಯಸ್ಸು ನೋಡಬೇಕೆಂದು ಬಾಗಿಲಲ್ಲಿದ್ದ ಕಾವಲುಗಾರ ಆಧಾರ್ ಕೇಳಿದ, ಕೊಟ್ಟೆ. ಎರಡೂ ಬದಿಯ ಫೋಟೊವನ್ನು ತನ್ನ ಸ್ವಂತ ಮೊಬೈಲಿನಲ್ಲಿ ತೆಗೆದುಕೊಂಡ. ನನ್ನ ಫೋನ್ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆಸಿಕೊಂಡ. ಹದಿನೈದು ದಿನ ಕಳೆದ ಮೇಲೆ ಗುರುತಿಲ್ಲದ ಸಂಖ್ಯೆಯಿಂದ ರಾತ್ರಿ ಹೊತ್ತು ಸಂದೇಶಗಳು ಬರತೊಡಗಿವೆ: 'ಮತ್ತೆ ಯಾವಾಗ ಬರುತ್ತೀರಿ?' ಮನೆಯಲ್ಲಿ ಹೇಳಿದರೆ ಅಂಥ ಜಾಗಕ್ಕೆ ಹೋಗಿದ್ದೇ ತಪ್ಪು ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ನೀವು ಹೋದದ್ದು ತಪ್ಪಲ್ಲ. ಆ ಮಾತನ್ನು ಮೊದಲು ಮನಸ್ಸಿನಿಂದ ಇಳಿಸಿಬಿಡಿ. ಇಲ್ಲಿ ತಪ್ಪು ಮಾಡಿದವರು ನಿಮ್ಮ ಫೋಟೊ, ವಿಳಾಸ, ಸಂಖ್ಯೆ ಮೂರನ್ನೂ ಒಬ್ಬನ ಜೇಬಿಗೆ ಸೇರಲು ಬಿಟ್ಟವರು.

ತುರ್ತಾಗಿ ಮಾಡಬೇಕಾದದ್ದು ಹೀಗೆ. ಆ ಸಂಖ್ಯೆಗೆ ಒಂದೇ ಒಂದು ಉತ್ತರ ಬರೆಯಿರಿ: 'ನನಗೆ ಇಷ್ಟವಿಲ್ಲ, ಇನ್ನು ಸಂಪರ್ಕಿಸಬೇಡಿ.' ಬಂದ ಸಂದೇಶಗಳನ್ನು ಅಳಿಸಬೇಡಿ, ಪರದೆಯ ಚಿತ್ರ ತೆಗೆದಿಡಿ. ಹೆಣ್ಣುಮಗಳೊಬ್ಬಳು ಬೇಡವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವ ಗಂಡಸಿನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಹಿಂಬಾಲಿಸಿ ಕಾಡಿದ ಅಪರಾಧ ದಾಖಲಿಸಬಹುದು. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಶಿಕ್ಷೆಯುಂಟು. ನಿಮ್ಮ ಆ ಒಂದು ಸಾಲಿನ ಉತ್ತರ ಮುಂದೆ ದೊಡ್ಡ ಸಾಕ್ಷಿಯಾಗುತ್ತದೆ. ಅದರ ನಂತರವೂ ಸಂದೇಶ ಬಂದರೆ ತಡಮಾಡದೆ ಠಾಣೆಗೆ ಹೋಗಿ. ಹೆದರಿಕೆಯಾದ ಕ್ಷಣದಲ್ಲಿ 112ಕ್ಕೆ ಕರೆ ಮಾಡಿ. ಪಬ್ಬಿನ ವ್ಯವಸ್ಥಾಪಕರಿಗೂ ಇಮೇಲ್ ಬರೆಯಿರಿ: ನನ್ನ ಆಧಾರ್ ಫೋಟೊ ಯಾರ ಬಳಿ ಇದೆ, ಯಾಕಿದೆ, ಅಳಿಸಿದ ಮೇಲೆ ಬರವಣಿಗೆಯಲ್ಲಿ ತಿಳಿಸಿ ಎಂದು. ಬಾಯಿಮಾತಿನ ಭರವಸೆಗೆ ಒಪ್ಪಬೇಡಿ.

ಇನ್ನು ಕಾವಲುಗಾರ ಕೇಳಿದ್ದು ಸರಿಯೇ? ವಯಸ್ಸು ಕೇಳಿದ್ದು ಸರಿ. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಕೊಟ್ಟರೆ ಸನ್ನದಿಗೇ ಕುತ್ತು. ಅದನ್ನು 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಬಂದಿತ್ತು, ವಿರೋಧ ಬಂದಾಗ ಸರ್ಕಾರ ಕೈಬಿಟ್ಟಿತು. ಎಳೆಯ ಮುಖ ಕಂಡರೆ ಹುಟ್ಟಿದ ದಿನಾಂಕ ನೋಡುವುದು ಬಾಗಿಲಲ್ಲಿ ನಿಂತವರ ಕೆಲಸವೇ. ಆದರೆ ನೋಡುವುದು ಬೇರೆ, ಇಟ್ಟುಕೊಳ್ಳುವುದು ಬೇರೆ. ದಿನಾಂಕ ನೋಡಲು ಐದು ಸೆಕೆಂಡು ಸಾಕು. ಅದಕ್ಕೆ ನಿಮ್ಮ ಮನೆಯ ವಿಳಾಸ ಬೇಡ, ಹನ್ನೆರಡು ಅಂಕಿಯ ಸಂಖ್ಯೆ ಬೇಡ, ಫೋನ್ ಸಂಖ್ಯೆಯಂತೂ ಬೇಡವೇ ಬೇಡ. ಫೋನ್ ಸಂಖ್ಯೆಯಿಂದ ಯಾರ ವಯಸ್ಸೂ ತಿಳಿಯುವುದಿಲ್ಲ.

ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ 2022ರ ಮೇ 27ರಂದು ಒಂದು ಎಚ್ಚರಿಕೆ ಹೊರಡಿಸಿತ್ತು: ಸಿಕ್ಕಸಿಕ್ಕಲ್ಲಿ ಆಧಾರ್ ಪ್ರತಿ ಕೊಡಬೇಡಿ, ಹೋಟೆಲು, ಸಿನಿಮಾ ಮಂದಿರಗಳಂಥ ಪರವಾನಗಿಯಿಲ್ಲದ ಖಾಸಗಿಯವರು ಅದನ್ನು ಇಟ್ಟುಕೊಳ್ಳುವಂತಿಲ್ಲ ಎಂದು. ಜನ ಅಪಾರ್ಥ ಮಾಡಿಕೊಂಡಾರೆಂದು ಕೇಂದ್ರ ಸರ್ಕಾರ ಎರಡೇ ದಿನಕ್ಕೆ ಅದನ್ನು ಹಿಂಪಡೆಯಿತು. ನನ್ನ ಮಟ್ಟಿಗೆ ಹಿಂಪಡೆದದ್ದೇ ತಪ್ಪು. ಆ ಎಚ್ಚರಿಕೆಯಲ್ಲಿದ್ದ ಬುದ್ಧಿಮಾತು ಇಂದಿಗೂ ಗಟ್ಟಿಯಾದದ್ದು. ಮುಂದಿನ ಸಲ ಚಾಲನಾ ಪರವಾನಗಿ ತೋರಿಸಿ, ಉಳಿದ ವಿವರದ ಮೇಲೆ ಹೆಬ್ಬೆರಳಿಟ್ಟು ಹಿಡಿಯಿರಿ, ಕೈಗೆ ಕೊಡಬೇಡಿ. ಆಧಾರೇ ಬೇಕೆಂದು ಹಟ ಹಿಡಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್' ಪ್ರತಿ ಇದೆ, ಪ್ರಾಧಿಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ವಿಷಯದಲ್ಲಿ ನಿಮ್ಮ ಪರವಾಗಿದೆ. ನೀವು ಒಪ್ಪಿಗೆ ಕೊಟ್ಟಿದ್ದರೂ ಅದು ಹೇಳಿದ ಉದ್ದೇಶಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಸಲ್ಲುತ್ತದೆ ಎನ್ನುತ್ತದೆ ಅದು. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ವ್ಯಾಪಾರಿಗಳ ಮೇಲಿನ ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಕಾಲಾವಕಾಶವಿದೆ, ಅಂದರೆ 2027ರ ಮೇ ತಿಂಗಳವರೆಗೆ. ಇದರಲ್ಲೊಂದು ಕಂಡಿಯಿದೆ. ಕಾಯ್ದೆ ಹಿಡಿಯುವುದು ಡಿಜಿಟಲ್ ಆದ ಮಾಹಿತಿಯನ್ನು. ಬಾಗಿಲಲ್ಲಿ ಬಿಚ್ಚಿಟ್ಟ ದಪ್ಪ ರಿಜಿಸ್ಟರು ಕಂಪ್ಯೂಟರಿಗೆ ಏರದಿದ್ದರೆ ಅದರ ಕೈಗೆ ಸಿಗುವುದಿಲ್ಲ. ನಿಮ್ಮ ಹಿಂದೆ ಸಾಲಿನಲ್ಲಿ ನಿಂತವನಿಗೂ ನಿಮ್ಮ ಹೆಸರು, ಸಂಖ್ಯೆ ಓದಲು ಸಿಗುವುದು ಅದೇ ಪುಸ್ತಕದಲ್ಲಿ. ರಿಜಿಸ್ಟರಿನಲ್ಲಿ ಫೋನ್ ಸಂಖ್ಯೆ ಬರೆಯಲು ಒಪ್ಪಬೇಡಿ.

ಪ್ರಶ್ನೆ: ನಾನು ತುಮಕೂರಿನ ಗೃಹಿಣಿ. ಬೆಂಗಳೂರಿನ ಮಾಲ್ ಒಂದರಲ್ಲಿ ಗಂಡಸು ಕಾವಲುಗಾರ ನನ್ನ ಕೈಚೀಲದೊಳಗೆ ಕೈಹಾಕಿ ಕೆದಕಿದ. ಬೇಡವೆಂದರೆ ಒಳಗೆ ಬಿಡುವುದಿಲ್ಲ ಎಂದ. ಅವನಿಗೆ ಆ ಅಧಿಕಾರ ಇದೆಯೇ?

ಉತ್ತರ: ಪೊಲೀಸರಿಗಿರುವಂಥ ಶೋಧನೆಯ ಅಧಿಕಾರ ಖಾಸಗಿ ಕಾವಲುಗಾರನಿಗಿಲ್ಲ. ಅವನು ಮಾಡುವುದೆಲ್ಲ ನಿಮ್ಮ ಒಪ್ಪಿಗೆಯ ಮೇಲೆ ನಿಂತಿದೆ. ನೀವು ಬೇಡ ಎನ್ನಬಹುದು, ಅವನು ಒಳಗೆ ಬಿಡುವುದಿಲ್ಲ ಎನ್ನಬಹುದು. ಅಲ್ಲಿಗೆ ಮುಗಿಯಿತು. ಹಿಂದಿರುಗಲು ಹೊರಟ ನಿಮ್ಮನ್ನು ತಡೆದು ನಿಲ್ಲಿಸಿದರೆ ಅದು ಅವನು ಮಾಡಿದ ಅಪರಾಧವಾಗುತ್ತದೆ. ಚೀಲವನ್ನು ನೀವೇ ತೆರೆದು ಹಿಡಿಯಿರಿ, ಅವನು ಕಣ್ಣಲ್ಲಿ ನೋಡಲಿ. ಮೈ ಮುಟ್ಟಿ ನೋಡಬೇಕಾದರೆ ಹೆಣ್ಣುಮಗಳೇ ನೋಡಬೇಕು, ಮರೆಯಲ್ಲಿ. ಬಂಧಿತಳಾದ ಹೆಂಗಸನ್ನೂ ಹೆಂಗಸೇ, ಮರ್ಯಾದೆಗೆ ಕುಂದು ಬಾರದಂತೆ ಶೋಧಿಸಬೇಕೆಂದು ಕಾನೂನು ಹೇಳುವಾಗ, ಬಟ್ಟೆ ಕೊಳ್ಳಲು ಬಂದವರಿಗೆ ಅದಕ್ಕಿಂತ ಕಡಿಮೆ ಮರ್ಯಾದೆ ಸಲ್ಲದು.

ತಪಾಸಣೆಯೇ ಬೇಡವೆಂದು ನಾನು ಹೇಳಲಾರೆ. 2014ರ ಡಿಸೆಂಬರ್ 28ರಂದು ಚರ್ಚ್ ಸ್ಟ್ರೀಟಿನಲ್ಲಿ ಸಿಡಿದ ಬಾಂಬಿಗೆ ಒಬ್ಬ ಮಹಿಳೆ ಬಲಿಯಾದರು. 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟಿಸಿದ್ದು ಗಿರಾಕಿಯಂತೆ ಬಂದವನು ಬಿಟ್ಟುಹೋದ ಚೀಲ. ಚೀಲ ನೋಡುವುದಕ್ಕೆ ಕಾರಣವಿದೆ. ಆದರೆ ಚೀಲ ಬಿಟ್ಟು ಮನುಷ್ಯನ ವೇಷ ನೋಡುವ ತಪಾಸಣೆಯಿಂದ ಯಾವ ರಕ್ಷಣೆಯೂ ಇಲ್ಲ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲಿನಲ್ಲಿ ಪಂಚೆ ಉಟ್ಟ ಹಿರಿಯ ರೈತರೊಬ್ಬರನ್ನು ತಡೆದರು. ಅದೇ ವರ್ಷದ ಫೆಬ್ರುವರಿಯಲ್ಲಿ ಮೆಟ್ರೊ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತ ರೈತರಿಗೆ ಬಟ್ಟೆ ನೋಡಿ ದಾರಿ ಬಿಡಲಿಲ್ಲ. ಅದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಎರಡೂ ಕಡೆ ಸುತ್ತಲಿದ್ದವರು ದನಿಯೆತ್ತಿದ್ದರಿಂದ, ವಿಡಿಯೊ ಹಬ್ಬಿದ್ದರಿಂದ ನ್ಯಾಯ ಸಿಕ್ಕಿತು. ನೀವೂ ಮಾಲಿನ ಆಡಳಿತಕ್ಕೆ ದಿನಾಂಕ, ಹೊತ್ತು, ಯಾವ ಬಾಗಿಲು ಎಂಬುದನ್ನು ನಮೂದಿಸಿ ದೂರು ಬರೆಯಿರಿ.

ಪ್ರಶ್ನೆ: ನನ್ನದು ದಾವಣಗೆರೆಯಲ್ಲಿ ಸಿಎಲ್-9 ಸನ್ನದಿನ ಬಾರ್ ಅಂಡ್ ರೆಸ್ಟೋರೆಂಟ್. ಪೊಲೀಸರು ಕ್ಯಾಮೆರಾ ಹಾಕಿ ಎನ್ನುತ್ತಾರೆ. ಗಿರಾಕಿಗಳು 'ನಮ್ಮನ್ನು ಯಾಕಪ್ಪಾ ಹಿಡಿದಿಡುತ್ತೀ' ಎಂದು ಮುನಿಸಿಕೊಳ್ಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಕೇಳಲು ದಾರಿಯಿದೆ. ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 30 ದಿನ ಕಾಪಿಡಬೇಕು ಎಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಅದೇ ವರ್ಷದ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆ ಅರ್ಜಿ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಅವರು ಆ ಕೆಲಸಕ್ಕೆ ಕೈಹಾಕಿದರು. ಆ ತೀರ್ಪು ಸರ್ಕಾರಕ್ಕೆ ಕೊಟ್ಟ ಅಳತೆಗೋಲನ್ನು ನೀವೂ ಹಿಡಿಯಬಹುದು: ಕಾನೂನಿನ ಬಲ ಇದೆಯೇ, ಉದ್ದೇಶ ನ್ಯಾಯವಾದದ್ದೇ, ಮಾಡುತ್ತಿರುವುದು ಆ ಉದ್ದೇಶಕ್ಕೆ ತಕ್ಕಷ್ಟೇ ಇದೆಯೇ.

ಅದರಂತೆ ನೋಡಿದರೆ ಕ್ಯಾಮೆರಾ ಬಾಗಿಲಿಗೆ, ಗಲ್ಲಾಕ್ಕೆ, ವಾಹನ ನಿಲ್ಲಿಸುವ ಜಾಗಕ್ಕೆ ಇರಲಿ. ಶೌಚಾಲಯದ ಹತ್ತಿರ ಸುಳಿಯಬಾರದು. 2024ರ ಆಗಸ್ಟಿನಲ್ಲಿ ಬೆಂಗಳೂರಿನ ಕಾಫಿ ಅಂಗಡಿಯೊಂದರ ಮಹಿಳಾ ಶೌಚಾಲಯದ ಕಸದ ಬುಟ್ಟಿಯಲ್ಲಿ ಚಿತ್ರೀಕರಿಸುತ್ತಿದ್ದ ಮೊಬೈಲ್ ಸಿಕ್ಕಿತು, ಅದನ್ನಿಟ್ಟವನು ಅಲ್ಲಿಯ ನೌಕರ. ಆದ್ದರಿಂದ ನಿಮ್ಮ ಶೌಚಾಲಯವನ್ನು ದಿನಕ್ಕೊಮ್ಮೆ ನೀವೇ ಪರೀಕ್ಷಿಸಿ. ಮಾತು ಹಿಡಿಯುವ ಮೈಕು ಬೇಡ, ಮೇಜಿನ ಮಾತು ಮೇಜಿನವರದು. 'ಇಲ್ಲಿ ಕ್ಯಾಮೆರಾ ಇದೆ, 30 ದಿನದ ನಂತರ ಅಳಿಸಲಾಗುತ್ತದೆ' ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಿ. ಗಿರಾಕಿಗಳ ಮುನಿಸು ಅರ್ಧ ಅಲ್ಲಿಯೇ ಇಳಿಯುತ್ತದೆ. ಹೇಳಿದ ಮೇಲೆ ಅಳಿಸಿ.

ದೃಶ್ಯ ನೋಡುವ ಗುಪ್ತಪದ ನಿಮ್ಮಲ್ಲಿ ಮತ್ತು ಇನ್ನೊಬ್ಬರಲ್ಲಿ ಮಾತ್ರ ಇರಲಿ. ಪೊಲೀಸರು ದೃಶ್ಯ ಕೇಳಿದರೆ ಸಹಕರಿಸಿ, ಆದರೆ ಲಿಖಿತ ನೋಟಿಸು ಪಡೆಯಿರಿ. ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಠಾಣಾಧಿಕಾರಿ ಅದನ್ನು ಕೊಡಬಹುದು. ಯಾವ ದಿನ, ಯಾವ ಹೊತ್ತು ಎಂದಿದೆಯೋ ಅಷ್ಟನ್ನೇ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಗಿರಾಕಿಗಳ ಜಗಳದ ತುಣುಕು ವಾಟ್ಸ್‌ಆ್ಯಪ್ ಗುಂಪಿಗೆ ಹೋಗಕೂಡದು. ಕುಡಿದು ಎಡವಿದ ಒಂದು ರಾತ್ರಿ ಆ ಮನುಷ್ಯನ ಮಕ್ಕಳ ಶಾಲೆಯವರೆಗೂ ತಲುಪುತ್ತದೆ. ನೀವು ಕೊಟ್ಟ ದೃಶ್ಯದಿಂದ ಒಂದು ಮನೆ ಒಡೆಯಬಾರದು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. 2018ರ ಜನವರಿಯಲ್ಲಿ ಕಲಾಸಿಪಾಳ್ಯದ ಬಾರಿಗೆ ಬೆಂಕಿ ಬಿದ್ದು ಒಳಗೆ ಮಲಗಿದ್ದ ಐವರು ಕೆಲಸಗಾರರು ಸತ್ತರು. ಕ್ಯಾಮೆರಾಕ್ಕೆ ಹಣ ಹಾಕುವ ಮುನ್ನ ಹಿಂಬಾಗಿಲಿನ ಬೀಗ ತೆಗೆಸಿ, ದಾರಿಯಲ್ಲಿ ಪೇರಿಸಿದ ಬಾಟಲಿ ಪೆಟ್ಟಿಗೆಗಳನ್ನು ಎತ್ತಿಸಿ.

ಪ್ರಶ್ನೆ: ಮಗ ಬ್ರಿಸ್ಬೇನಿನಲ್ಲಿ ಓದುತ್ತಿದ್ದಾನೆ. ಅಲ್ಲಿ ರಾತ್ರಿ ಕ್ಲಬ್ಬಿಗೆ ಹೋದರೆ ಪಾಸ್‌ಪೋರ್ಟನ್ನೇ ಸ್ಕ್ಯಾನ್ ಮಾಡುತ್ತಾರಂತೆ. ಇದು ಸರಿಯೇ?
– ಶಿವಮೊಗ್ಗದ ತಂದೆ

ಉತ್ತರ: ಅಲ್ಲಿ ಅದು ಕಾನೂನು. ಕ್ವೀನ್ಸ್‌ಲ್ಯಾಂಡಿನ ಗೊತ್ತುಪಡಿಸಿದ ಪ್ರದೇಶಗಳಲ್ಲಿ ತಡರಾತ್ರಿವರೆಗೆ ತೆರೆದಿರುವ ಮದ್ಯದ ಜಾಗಗಳು 2017ರ ಜುಲೈನಿಂದ ನಿಗದಿತ ರಾತ್ರಿ ಹೊತ್ತಿನಲ್ಲಿ ಗುರುತಿನ ಚೀಟಿ ಸ್ಕ್ಯಾನ್ ಮಾಡಲೇಬೇಕು. ನಿಷೇಧಕ್ಕೊಳಗಾದವರು ಒಳಬಾರದಿರಲೆಂಬುದು ಉದ್ದೇಶ, ಮಾಹಿತಿ ಇಟ್ಟುಕೊಳ್ಳಲು 30 ದಿನದ ಮಿತಿಯೂ ಇದೆ. ಆದರೂ ಒಂದೆಡೆ ಗುಡ್ಡೆಯಾದ ಮಾಹಿತಿ ಸೋರುವ ಭಯ ಇದ್ದೇ ಇದೆ. ಪಕ್ಕದ ನ್ಯೂ ಸೌತ್ ವೇಲ್ಸಿನಲ್ಲಿ ಕ್ಲಬ್ಬುಗಳಿಗೆ ಬಂದುಹೋದವರ ಹತ್ತು ಲಕ್ಷಕ್ಕೂ ಹೆಚ್ಚು ದಾಖಲೆಗಳು ಸೋರಿದವೆಂದು 2024ರಲ್ಲಿ ವರದಿಯಾಯಿತು. ಪಾಸ್‌ಪೋರ್ಟನ್ನು ಕೋಣೆಯಲ್ಲೇ ಬಿಡಲು ಹೇಳಿ. ಕ್ವೀನ್ಸ್‌ಲ್ಯಾಂಡ್ ಸಾರಿಗೆ ಇಲಾಖೆ ಚಾಲನೆ ಬಾರದವರಿಗೂ ಫೋಟೊ ಇರುವ ಗುರುತಿನ ಚೀಟಿ ಕೊಡುತ್ತದೆ, ಬಾಗಿಲಲ್ಲಿ ತೋರಿಸಲು ಅದು ಸಾಕು.