ಸೋಡಚೀಟಿಗೆ ಸಹಿ ಹಾಕಬೇಕಾ, ಅಕ್ಕಾ?

ಪ್ರಶ್ನೆ: ಮದುವೆಯಾಗಿ ಎಂಟು ವರ್ಷ, ಇಬ್ಬರು ಮಕ್ಕಳು. ಗಂಡ ಕುಡಿದು ಹೊಡೆಯುತ್ತಾರೆ. ಹೋದ ತಿಂಗಳು ಎಡಗೈ ಮುರಿಯಿತು. ಆಸ್ಪತ್ರೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಬರೆಸಿದೆ. ಈಗ ಮಕ್ಕಳ ಜೊತೆ ತವರಿನಲ್ಲಿದ್ದೇನೆ. ಕುಲದ ಪಂಚರು ಗುಡಿಯಲ್ಲಿ ಸೇರಿ ಅವರಿಗೆ 5,000 ರೂಪಾಯಿ ದಂಡ ಹಾಕಿದರು. ಆ ದುಡ್ಡು ಗುಡಿಗೆ ಹೋಯಿತು. ನಾನು ವಾಪಸ್ ಹೋಗಬೇಕಂತೆ. ಇಲ್ಲವಾದರೆ ಏನೂ ಕೇಳುವುದಿಲ್ಲ ಎಂದು ಬರೆದುಕೊಟ್ಟು ಸೋಡಚೀಟಿ (ಮದುವೆ ಬಿಡುಗಡೆಯ ಕಾಗದ) ತೆಗೆದುಕೊಳ್ಳಬೇಕಂತೆ. ಸ್ಟೇಷನ್ ಮೆಟ್ಟಿಲು ಹತ್ತಿದರೆ ಅಪ್ಪನ ಮನೆಯನ್ನು ಕುಲದಿಂದ ಹೊರಗಿಡುತ್ತಾರಂತೆ. ತಂಗಿಯ ಮದುವೆ ಗೊತ್ತಾಗಿದೆ. ಗಂಡನ ಮನೆ ಅತ್ತೆಯ ಹೆಸರಿನಲ್ಲಿದೆ. ಅವರು ಜೈಲಿಗೆ ಹೋಗುವುದು ನನಗೆ ಬೇಡ. ಹೊಡೆತ ನಿಲ್ಲಬೇಕು, ಇರಲು ಜಾಗ ಬೇಕು.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ತಂಗೀ, ಮೊದಲು ಆ ಕಾಗದಕ್ಕೆ ಸಹಿ ಹಾಕಬೇಡ. ಉಳಿದದ್ದು ಆಮೇಲೆ.

ನನ್ನ ಅವ್ವನ ಅಪ್ಪ ಕೂಡ ಪಂಚರಲ್ಲಿ ಒಬ್ಬರಾಗಿದ್ದರು. ಕೆಟ್ಟವರಲ್ಲ. ಹೊಲದ ಬದುವಿನ ಜಗಳ ಎಷ್ಟೋ ಬಗೆಹರಿಸಿದ್ದಾರೆ. ಆದರೆ ಹೆಂಡತಿಗೆ ಹೊಡೆದ ನ್ಯಾಯ ಬಂದಾಗ ಗಂಡಸರೆಲ್ಲ ಕಟ್ಟೆಯ ಮೇಲೆ, ಆ ಹೆಂಗಸು ಬಾಗಿಲ ಹಿಂದೆ. ಕೊನೆಗೆ ಒಂದೇ ಮಾತು: "ಏನವ್ವಾ, ಒಪ್ಪಿಗಿ ಐತೇನು?" ಆಕೆ ಸುಮ್ಮನಿದ್ದರೆ ಒಪ್ಪಿದಳು ಅಂತ ಲೆಕ್ಕ. ಬಾಯಿಬಿಟ್ಟವರನ್ನು ನಾನಂತೂ ಕಂಡಿಲ್ಲ. ನಿನ್ನ ಕೈ ಮುರಿದ ದಂಡ ಗುಡಿಗೆ ಹೋಯಿತು ಎಂದು ಓದಿದಾಗ ಆ ಬಾಗಿಲು ನೆನಪಾಯಿತು. ಎಕ್ಸ್‌ರೇ ದುಡ್ಡು ಕೊಟ್ಟವರು ನಿನ್ನ ಅಪ್ಪ, ಅಲ್ವಾ?

ಸಮುದಾಯದಲ್ಲಿ ಹಿಂದಿನಿಂದ ಬಂದ ಬಿಡುಗಡೆ ಪದ್ಧತಿಯನ್ನು 1955ರ ಹಿಂದೂ ವಿವಾಹ ಕಾಯ್ದೆ ಒಪ್ಪುತ್ತದೆ, ನಿಜ. ಆದರೆ ಅಂಥ ಪದ್ಧತಿ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಬಾಂಡ್ ಪೇಪರ್ ಮೇಲೆ ಹತ್ತು ಜನ ಸಹಿ ಮಾಡಿದರೆ ಸಾಲದು. "ಜೀವನಾಂಶ ಕೇಳುವುದಿಲ್ಲ" ಎಂದು ನೀನು ಬರೆದುಕೊಟ್ಟರೂ ಕೋರ್ಟು ಅದನ್ನೇ ಕೊನೆಯ ಮಾತು ಎನ್ನುವುದಿಲ್ಲ. ಆದರೆ ಅಷ್ಟು ಹೇಳಿಸಿಕೊಳ್ಳಲು ವರ್ಷಗಟ್ಟಲೆ ಅಲೆಯಬೇಕು. ಸುಮ್ನೆ ಯಾಕೆ?

ನಾನು ವಕೀಲಿಕೆ ಶುರು ಮಾಡಿದಾಗ, "ಜೈಲು ಬೇಡ, ಹೊಡೆತ ನಿಲ್ಲಲಿ" ಎಂದು ಬಂದವರಿಗೆ ಕೊಡಲು ನನ್ನ ಹತ್ತಿರ ಹೆಚ್ಚೇನೂ ಇರಲಿಲ್ಲ. ಹೆಂಡತಿಗೆ ಕ್ರೌರ್ಯ ಮಾಡಿದ್ದಕ್ಕೆ 498ಎ ಕೇಸು ಹಾಕು, ಇಲ್ಲ ಮನೆಗೆ ಹೋಗು. (ಆ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 85.) ನೀನು ಕೇಳುತ್ತಿರುವುದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿದೆ. 2006ರ ಅಕ್ಟೋಬರ್ 26ರಿಂದ ಅದು ಜಾರಿಯಲ್ಲಿದೆ. ಹೊಡೆಯಬೇಡ, ಮನೆಯಲ್ಲಿ ಜಾಗ ಕೊಡು, ಚಿಕಿತ್ಸೆಯ ಖರ್ಚು ಕೊಡು ಎಂದು ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ರಕ್ಷಣೆಯ ಆದೇಶ ಮುರಿದರೆ ಮಾತ್ರ ಜೈಲಿನ ಮಾತು: ಒಂದು ವರ್ಷದವರೆಗೆ ಸಜೆ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೆ ಅತ್ತೆಯ ಹೆಸರಿನಲ್ಲಿದೆ ಎಂದು ಹೆದರಬೇಡ. ನೀನು ಸೊಸೆಯಾಗಿ ಬಾಳಿದ ಮನೆ ಅತ್ತೆ ಮಾವನದ್ದಾದರೂ ಅಲ್ಲಿರಲು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ.

ಇದಕ್ಕೆ ಸ್ಟೇಷನ್‌ಗೇ ಹೋಗಬೇಕೆಂದಿಲ್ಲ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗು, ನಿಮ್ಮೂರ ಅಂಗನವಾಡಿ ಟೀಚರ್‌ಗೆ ದಾರಿ ಗೊತ್ತಿರುತ್ತದೆ. ನಮ್ಮ ರಾಜ್ಯದಲ್ಲಿ ಸಿಡಿಪಿಒ ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ನೀನು ಹೇಳಿದ್ದನ್ನು ವರದಿ ಬರೆದು ಕೋರ್ಟಿಗೆ ಕಳಿಸುತ್ತಾರೆ. ಬಚ್ಚಲಲ್ಲಿ ಬಿದ್ದೆ ಎಂದು ಯಾಕೆ ಬರೆಸಿದೆ ಅನ್ನುವುದನ್ನೂ ಮುಚ್ಚಿಡದೆ ಹೇಳು. ಅವತ್ತು ಪಕ್ಕದಲ್ಲಿ ಯಾರು ನಿಂತಿದ್ದರು ಅಂತಲೂ ಹೇಳು. 60 ದಿನದಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನನ್ನ ಅನುಭವದಲ್ಲಿ ಜಾಸ್ತಿಯೇ ಹಿಡಿಯುತ್ತದೆ. ಅದಕ್ಕೇ ಕೇಸು ಮುಗಿಯುವವರೆಗಿನ ಮಧ್ಯಂತರ ಆದೇಶ ಮೊದಲೇ ಕೇಳು. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಸರ್ಕಾರದ ವಕೀಲರ ನೆರವು ಉಚಿತ. ಕೋರ್ಟಿನಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳು.

ಇನ್ನು ತಂಗಿಯ ಮದುವೆ. ಬೀಗರನ್ನು ಪಂಕ್ತಿಗೆ ಕೂರಿಸುವ ಶಕ್ತಿ ಯಾವ ಕೋರ್ಟಿಗೂ ಇಲ್ಲ, ಸುಳ್ಳು ಹೇಳಲಾರೆ. ಆದರೆ ನಿನಗೆ ನೆರವಾದ ಅಪ್ಪನ ಮೇಲೆ ಕೈಮಾಡಬಾರದು ಎಂದು ಅದೇ ಆದೇಶದಲ್ಲಿ ಬರೆಸಬಹುದು. ಹೊರಗಿಡುತ್ತೇವೆ ಎಂದು ಯಾರು, ಯಾವತ್ತು, ಯಾರೆದುರು ಹೇಳಿದರು ಎಂಬುದನ್ನು ಈಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು.

ರಾತ್ರಿ ಯಾರಾದರೂ ಬಂದು ಗಲಾಟೆ ಮಾಡಿದರೆ 112, ಸಲಹೆಗೆ ಮಹಿಳಾ ಸಹಾಯವಾಣಿ 181. ಸಿಡಿಪಿಒ ಕಚೇರಿಗೆ ಹೋಗುವಾಗ ಆಸ್ಪತ್ರೆ ಚೀಟಿ, ಆಧಾರ್, ಮದುವೆಯ ಫೋಟೋ ಇರಲಿ. ಎಕ್ಸ್‌ರೇ ಹಾಳೆ ಮಡಚಬೇಡ, ಕವರಿನಲ್ಲೇ ಇಟ್ಟುಕೋ.