ದತ್ತು ಪಡೆದ ಮಗಳು ತಿಂಡಿ ಬಚ್ಚಿಡುತ್ತಾಳೆ, ನಮ್ಮ ಹತ್ತಿರ ಬರುವುದಿಲ್ಲ. ಶಿಸ್ತು ಕಲಿಸಬೇಕಾ, ಮುದ್ದು ಮಾಡಬೇಕಾ?

ನಾಲ್ಕೂವರೆ ವರ್ಷದ ಹುಡುಗಿ, ಮನೆಗೆ ಬಂದು ಐದು ತಿಂಗಳು, ದಿಂಬಿನ ಕೆಳಗೆ ಒಣಗಿದ ಚಪಾತಿ. ನಿಮ್ಮ ಪ್ರಶ್ನೆಯಲ್ಲಿ ಇಷ್ಟು ಓದುವಷ್ಟರಲ್ಲಿ ನನಗೆ ದಾವಣಗೆರೆಯ ನಮ್ಮ ಹಳೇ ಬಾಡಿಗೆ ಮನೆ ಕಣ್ಣ ಮುಂದೆ ಬಂತು.

ನಮ್ಮ ಮಗ 2016ರಲ್ಲಿ ಬಂದ. ಆಗ ಅವನಿಗೆ ಐದು ವರ್ಷ. ದತ್ತು ವ್ಯವಸ್ಥೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾ ಮೂಲಕ ದತ್ತು ತೆಗೆದುಕೊಂಡಾಗ ಮಗುವಿನ ಹಿನ್ನೆಲೆಯ ವರದಿ ಕೊಡುತ್ತಾರಲ್ಲ, ಅದರಲ್ಲಿ ಒಂದು ಸಾಲಿತ್ತು. ತಂದೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ, ಮಗು ಒಳಗೆ ಹಸಿದುಕೊಂಡು ಒಂದೇ ಇರುತ್ತಿತ್ತು, ಅಕ್ಕಪಕ್ಕದವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಆ ಸಾಲನ್ನು ನಾನು ಮೂರು ಸಲ ಓದಿದ್ದೆ. ಅತ್ತಿದ್ದೆ ಕೂಡ.

ಬಂದ ವಾರಕ್ಕೇ ಬಚ್ಚಿಡುವುದು ಶುರುವಾಯಿತು. ದಿಂಬಿನ ಕವರಿನಲ್ಲಿ ಮಂಡಕ್ಕಿ, ಸ್ಕೂಲ್ ಬ್ಯಾಗಿನಲ್ಲಿ ರೊಟ್ಟಿ ಚೂರು, ಶೂ ಒಳಗೆ ಬೆಲ್ಲ. ಮನೆ ತುಂಬಾ ಇರುವೆ. ಹೊಟ್ಟೆ ತುಂಬಾ ಊಟ ಹಾಕುತ್ತೇನೆ, ಆದರೂ ಯಾಕೆ ಹೀಗೆ ಅಂತ ನನಗೆ ಒಳಗೊಳಗೇ ಅವಮಾನ. ಬಂದವರ ಮುಂದೆ ಇವನು ಡಬ್ಬಿಗೆ ಕೈ ಹಾಕಿದರೆ, ನಾವು ಊಟ ಹಾಕುವುದಿಲ್ಲ ಅಂದುಕೊಂಡರೆ? ನಮ್ಮ ಅತ್ತೆಯವರು "ಈಗಲೇ ಕಳ್ಳತನ ಬಿಡಿಸು, ಆಮೇಲೆ ಕೈಗೆ ಸಿಗಲ್ಲ" ಅಂದರು. ಅವರೂ ಒಳ್ಳೆಯದಕ್ಕೇ ಹೇಳಿದ್ದು. ನಾಲ್ಕನೇ ತಿಂಗಳು ನಾನು ತಿಂಡಿ ಕಪಾಟಿಗೆ ಬೀಗ ಹಾಕಿದೆ.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಫ್ರಿಜ್‌ಗೆ ಬೀಗ ಹಾಕಿಸಬೇಕು ಅಂತಿದ್ದೇವೆ ಎಂದು ಬರೆದಿದ್ದೀರಿ. ನಾನು ಹೊಡೆಯಲಿಲ್ಲ. ಬೈಯಲಿಲ್ಲ. ಹಸಿವೆಯಾದರೆ ಅಮ್ಮನ್ನ ಕೇಳು, ಕೊಡ್ತೀನಿ ಅಂತ ಪ್ರೀತಿಯಿಂದಲೇ ಹೇಳಿದೆ. ಕೇಳುವುದನ್ನು ಕಲಿಯುತ್ತಾನೆ ಅನ್ನುವುದು ನನ್ನ ಲೆಕ್ಕ. ಆದರೆ ಕೇಳಬೇಕಾದರೆ, ಕೇಳಿದರೆ ಕೊಡುತ್ತಾರೆ ಅನ್ನುವ ನಂಬಿಕೆ ಮೊದಲು ಬೇಕಲ್ವಾ? ಅದು ಅವನ ಹತ್ತಿರ ಇರಲೇ ಇಲ್ಲ. ಅವನು ಕಂಡಿದ್ದು ಬೀಗ ಮಾತ್ರ. ದೊಡ್ಡವರು ಬೀಗ ಹಾಕಿದರು ಅಂದರೆ ಮುಂದೆ ಊಟವಿಲ್ಲ, ಯಾರೂ ಬರುವುದಿಲ್ಲ. ಅವನ ಬದುಕಿನಲ್ಲಿ ಅಲ್ಲಿಯವರೆಗೆ ಬೀಗಕ್ಕೆ ಇದ್ದ ಅರ್ಥ ಅಷ್ಟೇ. ವರದಿಯಲ್ಲಿ ಕಪ್ಪು ಅಕ್ಷರದಲ್ಲಿ ಬರೆದಿದ್ದರು. ಮೂರು ಸಲ ಓದಿದ್ದ ನಾನೇ ಅಂಗಡಿಗೆ ಹೋಗಿ ಬೀಗ ತಂದೆ.

ಅವನು ಅಳಲಿಲ್ಲ. ಬೀಗವನ್ನು ಒಂದು ಸಲ ಮುಟ್ಟಿ ನೋಡಿ ಹೋದ. ಆಮೇಲೆ ಬಚ್ಚಿಡುವುದು ನಿಂತೇಹೋಯಿತು. ನಾನು ಗೆದ್ದೆ ಅಂದುಕೊಂಡೆ.

ಹತ್ತೊಂಬತ್ತನೇ ದಿನ ಸ್ನಾನ ಮಾಡಿಸುವಾಗ ನೋಡುತ್ತೇನೆ, ಎಡಗೈ ಮಣಿಕಟ್ಟು ಊದಿಕೊಂಡಿದೆ. ಹಿಂದಿನ ದಿನ ಸ್ಕೂಲಿನಲ್ಲಿ ಬಿದ್ದಿದ್ದನಂತೆ. ಮೂಳೆ ಬಿರುಕು ಬಿಟ್ಟಿತ್ತು. ಒಂದು ರಾತ್ರಿಯಿಡೀ ನನ್ನ ಪಕ್ಕದಲ್ಲೇ ಮಲಗಿದ್ದವನು ನನ್ನನ್ನು ಎಬ್ಬಿಸಲಿಲ್ಲ. ತಿಂಡಿಯಷ್ಟೇ ಅಲ್ಲ, ನೋವಿಗೂ ನನ್ನನ್ನು ಕೇಳುವುದು ಬಿಟ್ಟಿದ್ದ. ಅವತ್ತು ಬೀಗ ತೆಗೆದೆ. ಕಳೆದುಕೊಂಡದ್ದು ವಾಪಸ್ ಬರುವುದಕ್ಕೆ ಒಂದೂವರೆ ವರ್ಷ ಹಿಡಿಯಿತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ, ಅಲ್ಲಿಗೆ ಹೋದೆವು. "ಅವನು ಕದಿಯುತ್ತಿರಲಿಲ್ಲ, ನಾಳೆಗೆ ಎತ್ತಿಟ್ಟುಕೊಳ್ಳುತ್ತಿದ್ದ" ಅಂದರು ಡಾಕ್ಟರು. ಮನೆಗೆ ಬಂದು ಅವನ ಹಾಸಿಗೆ ಪಕ್ಕ ಒಂದು ಸ್ಟೀಲ್ ಡಬ್ಬಿ ಇಟ್ಟೆವು. ಅವನದೇ ಡಬ್ಬಿ. ಮಂಡಕ್ಕಿ, ಕೊಬ್ಬರಿ, ಚಕ್ಕುಲಿ. ದಿನಾ ರಾತ್ರಿ ಅವನ ಕಣ್ಣೆದುರೇ ತುಂಬಿಸುತ್ತಿದ್ದೆ. ಎಷ್ಟು ತಿಂದೆ ಅಂತ ಕೇಳುತ್ತಿರಲಿಲ್ಲ. ಮೊದಲ ತಿಂಗಳು ಬೆಳಿಗ್ಗೆ ಡಬ್ಬಿ ಖಾಲಿ.

ಅದಕ್ಕೇ ನೀವು ಕೇಳಿದ ಶಿಸ್ತಾ, ಮುದ್ದಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅವಳಿಗೆ ಬೇಕಿರುವುದು ನಾಳೆಯೂ ಹೀಗೇ ಇರುತ್ತದೆ ಅನ್ನುವ ಧೈರ್ಯ. ಅದೇ ಹೊತ್ತಿಗೆ ಊಟ, ಅದೇ ಕೈಯಿಂದ ಸ್ನಾನ, ಅದೇ ಜಾಗದಲ್ಲಿ ಹಾಸಿಗೆ. ಹೊರಗೆ ಹೋದರೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಹೇಳಿ, ಆ ಹೊತ್ತಿಗೆ ಬನ್ನಿ. ತಪ್ಪು ಮಾಡಿದಾಗ ರೂಮಿಗೆ ಕಳಿಸಬೇಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. "ಆಶ್ರಮಕ್ಕೆ ವಾಪಸ್ ಬಿಟ್ಟುಬರ್ತೀನಿ" ಅನ್ನುವ ಮಾತು ತಮಾಷೆಗೂ ಬೇಡ, ಮನೆಗೆ ಬಂದವರ ಬಾಯಿಂದಲೂ ಬೇಡ.

ಯಾರು ಕರೆದರೂ ಹೋಗಿ ತೊಡೆ ಮೇಲೆ ಕೂರುತ್ತಾಳೆ, ಎಷ್ಟು ಬೇಗ ಹೊಂದಿಕೊಂಡಳು ಅಂತ ನಿಮ್ಮ ಯಜಮಾನರಿಗೆ ಖುಷಿ ಅಂತ ಬರೆದಿದ್ದೀರಿ. ದಯವಿಟ್ಟು ಖುಷಿ ಪಡಬೇಡಿ. ತನ್ನವರು ಯಾರು ಅಂತ ಅವಳಿಗೆ ಇನ್ನೂ ಗೊತ್ತಾಗಿಲ್ಲ. ಕೆಲವು ತಿಂಗಳು ನೆಂಟರ ಮನೆ, ಮದುವೆ, ಜಾತ್ರೆ ಕಡಿಮೆ ಮಾಡಿ. ತಿನ್ನಿಸುವುದು, ಎತ್ತಿಕೊಳ್ಳುವುದು, ಗಾಯಕ್ಕೆ ಮುಲಾಮು ಹಚ್ಚುವುದು ನೀವಿಬ್ಬರೇ ಮಾಡಿ. ಅಜ್ಜಿ ಬೇಜಾರು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ.

ಇನ್ನು ಯಾರೋ ಹೇಳಿದರು ಅಂದಿರಲ್ಲ, ಗಟ್ಟಿಯಾಗಿ ಹಿಡಿದುಕೊಂಡು ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡುವ ತನಕ ಬಿಡಬಾರದು ಅಂತ. ಅದನ್ನು ಖಂಡಿತ ಮಾಡಬೇಡಿ. 2000ನೇ ಇಸವಿಯಲ್ಲಿ ಅಮೆರಿಕದ ಕೊಲರಾಡೊದಲ್ಲಿ ಇಂಥದೇ ಬಲವಂತದ ಚಿಕಿತ್ಸೆಯಲ್ಲಿ, ದತ್ತು ಪಡೆದ ಹತ್ತು ವರ್ಷದ ಹುಡುಗಿಯನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಂದ ಅದುಮಿದರು. ಉಸಿರಾಡಲು ಆಗುತ್ತಿಲ್ಲ ಅಂದರೂ ಬಿಡಲಿಲ್ಲ. ಮಗು ಸತ್ತುಹೋಯಿತು. ಚಿಕಿತ್ಸೆ ಕೊಟ್ಟ ಇಬ್ಬರಿಗೂ 16 ವರ್ಷ ಜೈಲಾಯಿತು. ಹಿಂಸೆ ಕಂಡ ಮಗುವನ್ನು ಮತ್ತೆ ಅದುಮಿ ಹಿಡಿದರೆ ಅದಕ್ಕೆ ಹಳೆಯದೇ ನೆನಪಾಗುತ್ತದೆ.

ತಡವಾಯಿತಾ ಅಂತ ಹೆದರಿದ್ದೀರಿ. ನಾನೂ ಡಾಕ್ಟರನ್ನು ಅದೇ ಕೇಳಿದ್ದೆ. ರೊಮೇನಿಯಾದ ಅನಾಥಾಲಯಗಳ ಮಕ್ಕಳ ಅಧ್ಯಯನದ ಬಗ್ಗೆ ಹೇಳಿದರು. ಎರಡು ವರ್ಷ ತುಂಬುವ ಮೊದಲು ಮನೆ ಸಿಕ್ಕ ಮಕ್ಕಳು ಜಾಸ್ತಿ ಚೇತರಿಸಿಕೊಂಡರು, ನಿಜ. ಆದರೆ ಆಮೇಲೆ ಸಿಕ್ಕವರಿಗೂ ಮನೆಯಿಂದ ಉಪಯೋಗವಾಗಿದೆ.

ದತ್ತು ಕೊಟ್ಟ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗು ಹೇಗಿದೆ ಅಂತ ನೋಡಲು ಬರುತ್ತಾರೆ. ಬಂದವರ ಹತ್ತಿರ ಎಲ್ಲಾ ಚೆನ್ನಾಗಿದೆ ಅಂತ ನಾನು ಸುಳ್ಳು ಹೇಳಿದ್ದೆ. ನೀವು ಹೇಳಬೇಡಿ. ನಿಮ್ಮ ಸರದಿ ಮುಂದಿನ ತಿಂಗಳೇ ಬರುತ್ತದೆ, ಚಪಾತಿಯ ವಿಷಯವನ್ನೂ ಹೇಳಿ.

ನಮ್ಮ ಡಬ್ಬಿ ಈಗಲೂ ಇದೆ. ಅವನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ತುಂಬಿಸಲು ತೆಗೆದರೆ ಒಳಗಿನ ಮಂಡಕ್ಕಿ ಮೆತ್ತಗಾಗಿತ್ತು. ಎಷ್ಟೋ ದಿನದಿಂದ ಅವನು ಮುಟ್ಟಿರಲಿಲ್ಲ. ಎಸೆದು ಹೊಸದು ತುಂಬಿಸಿಟ್ಟೆ.