ಎರಡೆರಡು ನೋಟು ಎಳೆಯುವ ಮಷಿನ್: ತಪ್ಪು ಮೋಟರಿನದೋ, ರಬ್ಬರಿನದೋ?

ಪ್ರಶ್ನೆ: ಮಹಾಲಿಂಗಪುರದಲ್ಲಿ ನಮ್ಮದು ಬೆಲ್ಲದ ದಲಾಲಿ ಅಂಗಡಿ. ನೋಟು ಎಣಿಸುವ ಮಷಿನ್ ಒಂದು ತಿಂಗಳಿಂದ ಎರಡೆರಡು ನೋಟು ಒಟ್ಟಿಗೆ ಎಳೆಯುತ್ತಿದೆ. ರಿಪೇರಿಯವರು ‘ಗೇರ್ ಮೋಟರ್ ಹೋಗಿದೆ’ ಅಂತಾರೆ. ಇಷ್ಟು ಹಗುರ ಕಾಗದ ಎಳೆಯೋಕೆ ಗೇರ್ ಯಾಕೆ ಬೇಕು? ಬದಲಿಸಲೇಬೇಕಾ?

ಉತ್ತರ: ಸ್ವಲ್ಪ ತಡೀರಿ, ಇನ್ನೂ ದುಡ್ಡು ಕೊಡಬೇಡಿ. ಎರಡೆರಡು ನೋಟು ಹೋಗುವುದು ಹೆಚ್ಚಾಗಿ ರಬ್ಬರಿನ ತಪ್ಪು. ಕಟ್ಟು ಇಡುವ ಜಾಗದಲ್ಲಿ ಒಂದು ರಬ್ಬರ್ ರೋಲರ್ ನೋಟನ್ನು ಒಳಗೆ ಎಳೆಯುತ್ತದೆ. ಅದರ ಎದುರಿಗಿರುವ ರಬ್ಬರ್, ಹಿಂದೆಯೇ ನುಗ್ಗುವ ಎರಡನೇ ನೋಟನ್ನು ತಡೆಯುತ್ತದೆ. ಈ ತಡೆಯುವ ರಬ್ಬರ್ ಸವೆದು ನುಣುಪಾದರೆ ಎರಡೂ ಜೋಡಿಯಾಗಿ ಒಳಗೆ ಹೋಗುತ್ತವೆ. ನಮ್ಮ ನೋಟಿನ ಕಾಗದ ಹತ್ತಿಯದು, ಉಜ್ಜಿದಷ್ಟೂ ನವಿರಾದ ಧೂಳು ಬಿಡುತ್ತದೆ. ನಿಮ್ಮಲ್ಲಂತೂ ಬೆಲ್ಲ ಮುಟ್ಟಿದ ಕೈ! ಆ ಜಿಗುಟಿಗೆ ಧೂಳು ಸೇರಿ ರೋಲರ್ ಮೇಲೆ ಕಪ್ಪು ಪದರ ಕೂತಿರುತ್ತದೆ, ಉಗುರಿನಿಂದ ಕೆರೆದು ನೋಡಿ. ಪ್ಲಗ್ ಕಿತ್ತು, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಆಮೇಲೂ ಹಾಗೇ ಆದರೆ ರೋಲರ್ ಮತ್ತು ತಡೆಯುವ ರಬ್ಬರಿನ ನಡುವಿನ ಸಂದು ಬಿಗಿ ಮಾಡುವ ತಿರುಪನ್ನು ಒಂಚೂರು ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ ರಬ್ಬರ್ ಬದಲಿಸಿ.

ಇನ್ನು ಗೇರ್ ಮಾತು. ನಿಮ್ಮೂರಿನ ಕಬ್ಬಿನ ಗಾಣವನ್ನೇ ನೆನಪಿಸಿಕೊಳ್ಳಿ. ಮೋಟರ್ ಗಿರಗಿರ ತಿರುಗುತ್ತದೆ, ಆದರೆ ಕಬ್ಬು ಅರೆಯುವ ಉರುಳೆ ನಿಧಾನ. ನಡುವಿನ ಹಲ್ಲುಚಕ್ರಗಳು ವೇಗ ಇಳಿಸಿ ಬಲ ಹೆಚ್ಚಿಸುತ್ತವೆ. ಬೆರಳು ಗಾತ್ರದ ಡಿಸಿ ಮೋಟರಿನ ಕಥೆಯೂ ಇದೇ. ನಿಮಿಷಕ್ಕೆ 6000 ಸುತ್ತು ತಿರುಗುವ ಮೋಟರಿನ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದರೆ ಸುಮ್ನೆ ನಿಂತುಬಿಡುತ್ತದೆ. ಅದಕ್ಕೇ 30ಕ್ಕೆ 1ರ ಗೇರ್ ಹಾಕಿ, ಸುತ್ತು 200ಕ್ಕೆ ಇಳಿಯುತ್ತದೆ. ತಿಕ್ಕಾಟದಲ್ಲಿ ಹೋಗುವಷ್ಟು ಬಿಟ್ಟರೆ ಬಲ ಹತ್ತಿರ ಹತ್ತಿರ 30 ಪಟ್ಟು. ಆಗ ಹಿಡಿದು ನೋಡಿ!

ಆದರೆ ನಿಮ್ಮ ಮಷಿನ್ನಿಗೆ ಬೇಕಾಗಿರುವುದು ಓಟ. ನಿಮಿಷಕ್ಕೆ 1000 ನೋಟು ಅಂದರೆ ಸೆಕೆಂಡಿಗೆ 16-17. ಈಗಿನ 500ರ ನೋಟಿನ ಅಗಲ 66 ಮಿ.ಮೀ., ಲೆಕ್ಕ ಹಾಕಿದರೆ ಸೆಕೆಂಡಿಗೆ ಒಂದು ಮೀಟರಿಗೂ ಜಾಸ್ತಿ ದೂರ! ಇಂಥ ಕಡೆ ಸಾಮಾನ್ಯವಾಗಿ ಬೆಲ್ಟ್ ಇರುತ್ತದೆ. ನಿಧಾನಕ್ಕೆ, ಗಟ್ಟಿಯಾಗಿ ತಳ್ಳುವ ಕೆಲಸಕ್ಕೆ ಗೇರ್ ಮೋಟರ್ ಬೇಕು: ಎಟಿಎಂ ಬಾಗಿಲು, ನೋಟಿನ ಕಟ್ಟು ಎತ್ತುವ ತಟ್ಟೆ, ಚಿಲ್ಲರೆ ನಾಣ್ಯ ಒಂದೊಂದೇ ಉದುರಿಸುವ ತೂತಿನ ಚಕ್ರ. ಹಾಗಾಗಿ ರಿಪೇರಿಯವರಿಗೆ ‘ಮುಚ್ಚಳ ತೆಗೆದು ಗೇರ್ ಎಲ್ಲಿದೆ ತೋರಿಸಿ’ ಅನ್ನಿ. ಇದ್ದರೆ ಕಿವಿ ಕೊಟ್ಟು ಕೇಳಿ. ಸುತ್ತಿಗೊಮ್ಮೆ ‘ಟಕ್’ ಅಂದರೆ ಹಲ್ಲು ಮುರಿದಿರಬಹುದು. ಮೋಟರ್ ಗುಂಯ್ ಅಂದರೂ ರೋಲರ್ ತಿರುಗದಿದ್ದರೆ ಹಲ್ಲು ಪೂರ್ತಿ ಸವೆದಿರಬಹುದು ಇಲ್ಲವೇ ಬೆಲ್ಟ್ ಜಾರಿರಬಹುದು.

ಹೊಲಿಗೆ ಮಷಿನ್ ಎಣ್ಣೆಯನ್ನು ಮಾತ್ರ ಇದಕ್ಕೆ ಹಾಕಬೇಡಿ. ಹಾಗೆ ಎಣ್ಣೆ ಹಾಕಿದ ಒಂದು ಮಷಿನ್ ನನ್ನ ಮೇಜಿಗೆ ಬಂದಿತ್ತು, ರೋಲರ್ ಉಬ್ಬಿ ಮೆತ್ತಗಾಗಿತ್ತು. ಗೇರಿಗೆ ಒಂದು ಚಿಟಿಕೆ ಗ್ರೀಸ್ ಸಾಕು, ರಬ್ಬರಿಗೆ ಏನೂ ಬೇಡ.

ಪ್ರಶ್ನೆ: ವಿಜಯಪುರದಲ್ಲಿ ಬ್ಯಾಂಕ್ ಖಾತೆಗೆ ದುಡ್ಡು ಕಟ್ಟುವ ಮಷಿನ್ ಬಾಗಿಲು ಅರ್ಧಕ್ಕೆ ನಿಂತಿತ್ತು. ಎಳೆದರೂ ಅಲುಗಲಿಲ್ಲ. ಅಷ್ಟು ಬಲ ಎಲ್ಲಿಂದ?

ಉತ್ತರ: ಬಾಗಿಲಿಗೆ ವರ್ಮ್ ಗೇರ್ ಹಾಕಿದ್ದರೆ ಹೀಗಾಗುತ್ತದೆ. ತಿರುಪಿನಂಥ ಉಕ್ಕಿನ ಕಡ್ಡಿ, ಅದಕ್ಕೆ ಕೂಡುವ ಹಲ್ಲುಚಕ್ರ. ತಿರುಪು ಚಕ್ರವನ್ನು ತಿರುಗಿಸುತ್ತದೆ, ಆದರೆ ತಿರುಪಿನ ಓರೆ ಕಮ್ಮಿ ಇದ್ದರೆ ಚಕ್ರದಿಂದ ತಿರುಪನ್ನು ತಿರುಗಿಸಲು ಆಗಲ್ಲ. ಕರೆಂಟ್ ಹೋದರೂ ಬಾಗಿಲು ಇದ್ದಲ್ಲೇ ನಿಲ್ಲುತ್ತದೆ. ಎಳೆದಾಡಿದರೆ ಮುರಿಯುವುದು ಆ ಚಕ್ರದ ಹಲ್ಲೇ. ನೋಟು ಒಳಗೆ ಸಿಕ್ಕಿದ್ದರೆ ಬೆರಳು ಹಾಕಬೇಡಿ. ಮಷಿನ್ ನಂಬರ್, ಹೊತ್ತು ಬರೆದುಕೊಂಡು ಬ್ಯಾಂಕಿಗೆ ದೂರು ಕೊಡಿ.